ಚಿತ್ತಿ ಮಳೆಯ ಹೊತ್ತಿಗೆ ಎರೆಹೊಲಕ್ಕೆ ಬರುವ ಹಕ್ಕಿಗಳು

ಕೊಪ್ಪಳ ಸೀಮೆಯ ಒಕ್ಕಲುತನದ ಲೆಕ್ಕದಲ್ಲಿ ಉತ್ತರಿ, ಹಸ್ತ, ಚಿತ್ತಿ, ಸ್ವಾತಿ ಮಳೆಗಳ ಅವಧಿ, ಅಂದರೆ ಸೆಪ್ಟೆಂಬರ್ ನಡುವಿನಿಂದ ನವೆಂಬರ್ ಮೊದಲ ವಾರದವರೆಗಿನ ದಿನಗಳು, ಹಿಂಗಾರಿ ಬಿತ್ತನೆಯ ಕಾಲವಾಗಿರುವಂತೆ ವಲಸೆ ಹಕ್ಕಿಗಳು ಬಂದಿಳಿಯುವ ಕಾಲವೂ ಆಗಿದೆ. ಮಧ್ಯ ಏಷ್ಯಾದ ಬಯಲುಗಳಲ್ಲೂ ಸೈಬೀರಿಯದ ಜೌಗುಗಳಲ್ಲೂ ಹಗಲು ಕಿರಿದಾಗುತ್ತ ಬಂದಂತೆ ಹಕ್ಕಿಯ ದೇಹದಲ್ಲಿ ಹಾರ್ಮೋನುಗಳ, ಎಂದರೆ ರಕ್ತದಲ್ಲಿ ಸಂಚರಿಸಿ ಅಂಗಾಂಗಗಳಿಗೆ ಸೂಚನೆ ಮುಟ್ಟಿಸುವ ರಾಸಾಯನಿಕಗಳ, ಪ್ರಮಾಣ ಬದಲಾಗಿ ಹಸಿವು ಹೆಚ್ಚುತ್ತದೆ; ಆಗ ಚರ್ಮದಡಿಯಲ್ಲಿ ಸಂಗ್ರಹವಾಗುವ ಕೊಬ್ಬೇ ದೂರದ ಹಾರಾಟಕ್ಕೆ ಇಂಧನವಾಗುವುದರಿಂದ, ಹೊರಡುವ ಮುನ್ನ ಕೆಲವು ಸಣ್ಣ ಹಕ್ಕಿಗಳ ತೂಕ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಸೂರ್ಯನ ಸ್ಥಾನ, ನಕ್ಷತ್ರಗಳ ವಿನ್ಯಾಸ ಮತ್ತು ಭೂಮಿಯ ಕಾಂತಕ್ಷೇತ್ರ ಈ ಮೂರನ್ನೂ ಬಳಸಿ ಅವು ದಿಕ್ಕನ್ನು ಕಂಡುಕೊಳ್ಳುತ್ತವೆ. ಆರ್ಕ್ಟಿಕ್‌ನಿಂದ ಹಿಂದೂ ಮಹಾಸಾಗರದವರೆಗೆ ಸುಮಾರು 30 ದೇಶಗಳ ಮೇಲೆ ಹಾದುಹೋಗುವ ಈ ದಾರಿಯನ್ನು ‘ಮಧ್ಯ ಏಷ್ಯಾ ಹಾರುಪಥ’ ಎಂದು ಕರೆಯಲಾಗುತ್ತದೆ.

ಮುನಿರಾಬಾದಿನ ಬಳಿ 1953ರಲ್ಲಿ ನೀರು ನಿಲ್ಲಿಸಿದ ತುಂಗಭದ್ರಾ ಅಣೆಕಟ್ಟು ಈ ಜಿಲ್ಲೆಯನ್ನು ಹಕ್ಕಿಗಳ ಪಾಲಿಗೆ ಎರಡು ನಾಡುಗಳಾಗಿ ವಿಂಗಡಿಸಿತೆಂದರೆ ತಪ್ಪಾಗದು. ಎಡದಂಡೆ ಕಾಲುವೆಯ ನೀರುಂಡ ಗಂಗಾವತಿಯ ಭತ್ತದ ಗದ್ದೆಗಳಿಗೆ ಸಿಪಿಲೆಗಳು, ಗೊರವಗಳು, ಕೆಸರಿನಲ್ಲಿ ಉದ್ದ ಕೊಕ್ಕನ್ನು ಚುಚ್ಚಿ ಹುಳು ಹೆಕ್ಕುವ ಉಲ್ಲಂಕಿಗಳು ಬರುತ್ತವೆ. ಜಲಾಶಯದ ಹಿನ್ನೀರು ಅಕ್ಟೋಬರಿನಲ್ಲಿ ಸಾಮಾನ್ಯವಾಗಿ ತುಂಬಿರುವುದರಿಂದ ನಡೆದಾಡಿ ಮೇಯುವ ಹಕ್ಕಿಗಳಿಗೆ ಅದು ಆಗ ಅಷ್ಟಾಗಿ ಒದಗುವುದಿಲ್ಲ. ಕಾಲುವೆಗೆ ನೀರು ಹರಿದು ಅಂಚಿನ ಕೆಸರು ತೆರೆದುಕೊಂಡ ಮೇಲಷ್ಟೇ ಅವು ಅಲ್ಲಿ ನೆರೆಯುತ್ತವೆ. ನೆರೆಯ ಗದಗ ಜಿಲ್ಲೆಯ ಮಾಗಡಿ ಕೆರೆ ಪಟ್ಟೆತಲೆ ಹೆಬ್ಬಾತುಗಳಿಂದ ಹೆಸರಾಗಿದ್ದು, 2024ರಲ್ಲಿ ರಾಮ್ಸಾರ್ ತಾಣ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶ, ಎಂಬ ಮಾನ್ಯತೆಯನ್ನೂ ಪಡೆದಿದೆ. ಹಿಮಾಲಯವನ್ನು ದಾಟಿ ಬರುವ ಈ ಹೆಬ್ಬಾತಿನ ರಕ್ತದ ಹಿಮೋಗ್ಲೋಬಿನ್ ತೆಳುಗಾಳಿಯಲ್ಲೂ ಆಮ್ಲಜನಕವನ್ನು ಬಿಗಿಯಾಗಿ ಹಿಡಿಯಬಲ್ಲದು.

ಪಕ್ಷಿವೀಕ್ಷಕರ ಗಮನ ಸಹಜವಾಗಿ ಕೆರೆಗಳತ್ತಲೇ ಹರಿಯುತ್ತದೆ. ಆದರೆ ಕುಷ್ಟಗಿ ಮತ್ತು ಯಲಬುರ್ಗಾ ತಾಲೂಕುಗಳ ಮರವಿಲ್ಲದ ಎರೆಹೊಲ, ಮಸಾರಿ ದಿಬ್ಬ ಮತ್ತು ಗಾಯರಾಣಗಳಲ್ಲಿ, ಎಂದರೆ ಊರಿನ ದನಕುರಿಗಳು ಮೇಯುವ ಬಯಲುಗಳಲ್ಲಿ, ಶರತ್ಕಾಲದ ವಲಸೆ ಅಷ್ಟೇ ಮಹತ್ವದ್ದಾಗಿದ್ದರೂ ಅದನ್ನು ನಿಂತು ನೋಡುವವರು ವಿರಳ. ಅಂಥ ಬಯಲಿನ ಮುಖ್ಯ ಅತಿಥಿ ಸೆಳೆವ. ಹಗುರವಾದ ಮೈಗೆ ಹೋಲಿಸಿದರೆ ಬಹಳ ಉದ್ದವಾದ ರೆಕ್ಕೆಗಳಿರುವ ಈ ಬೇಟೆಹಕ್ಕಿ, ರೆಕ್ಕೆಗಳನ್ನು ತುಸು ಮೇಲೆತ್ತಿ ಹಿಡಿದು ಬೆಳೆಯ ತುದಿಗೆ ತಾಗುವಷ್ಟು ಕೆಳಗೆ ನಿಧಾನವಾಗಿ ತೇಲುತ್ತ, ಗೂಬೆಯ ಮುಖದಂತೆ ದುಂಡಗೆ ಜೋಡಣೆಯಾದ ಮುಖದ ಗರಿಗಳು ಕಿವಿಯತ್ತ ಸದ್ದನ್ನು ಸೆಳೆದುಕೊಡುವುದರಿಂದ, ಹುಲ್ಲಿನೊಳಗಿನ ಮಿಡತೆ, ಓತಿ, ಇಲಿಗಳನ್ನು ಕಣ್ಣಿನಿಂದ ಮಾತ್ರವಲ್ಲದೆ ಕಿವಿಯಿಂದಲೂ ಪತ್ತೆಹಚ್ಚುತ್ತದೆ. ಇಂಥ ಬಯಲುಗಳಿಗೆ ಬರುವ ಮಾಂಟೆಗು ಮತ್ತು ಪ್ಯಾಲಿಡ್ ಎಂಬ ಎರಡು ಜಾತಿಗಳಲ್ಲೂ ಗಂಡು ಬೂದುಬಣ್ಣದ್ದು. ಹೆಣ್ಣು ಮತ್ತು ಮರಿಗಳು ಕಂದುಬಣ್ಣದವಾಗಿದ್ದು ಬಾಲದ ಬುಡದಲ್ಲಿ ಬಿಳಿ ಪಟ್ಟಿ ಇರುತ್ತದೆ. ಹಗಲೆಲ್ಲ ಒಂಟಿಯಾಗಿ ಬೇಟೆಯಾಡುವ ಇವು ಸಂಜೆ ಒಂದೆಡೆ ಸೇರಿ ಮೊಣಕಾಲೆತ್ತರದ ಹುಲ್ಲಿನ ನಡುವೆ ನೆಲದ ಮೇಲೆಯೇ ರಾತ್ರಿ ಕಳೆಯುತ್ತವೆ. ಆ ಹುಲ್ಲು ಉತ್ತುಹೋದರೆ ಮಲಗುವ ಜಾಗವೇ ಇಲ್ಲವಾಗುತ್ತದೆ. ಇಂಥ ನೆಲವನ್ನು ಬಂಜರು ಎಂದು ಬರೆಯುವ ರೂಢಿ ಈ ಹಕ್ಕಿಗಳಿಗೆ ಮಾಡಿರುವ ಹಾನಿ ದೊಡ್ಡದು. ಈ ತಾಲೂಕುಗಳಲ್ಲಿ ಈಗ ಗಾಳಿಯಂತ್ರಗಳೂ ವಿದ್ಯುತ್ ತಂತಿಗಳೂ ಹೆಚ್ಚುತ್ತಿರುವುದರಿಂದ ಯಾವ ಬಯಲಿನಲ್ಲಿ ಎಷ್ಟು ಸೆಳೆವಗಳು ಇಳಿಯುತ್ತವೆ ಎಂಬುದನ್ನು ವರ್ಷವರ್ಷವೂ ಎಣಿಸಿಡುವುದು ತುರ್ತಿನ ಕೆಲಸವಾಗಿದೆ. ದೇಶದ 942 ಜಾತಿಗಳನ್ನು ಪರಿಶೀಲಿಸಿದ 2023ರ ಭಾರತೀಯ ಪಕ್ಷಿಗಳ ಸ್ಥಿತಿಗತಿ ವರದಿಯು ಬೇಟೆಹಕ್ಕಿಗಳೂ ಬಯಲುವಾಸಿಗಳೂ ವಿಶೇಷವಾಗಿ ಕ್ಷೀಣಿಸುತ್ತಿವೆ ಎಂದು ತೋರಿಸಿತು. ಆ ವರದಿಗೆ ಆಧಾರವಾದದ್ದು ಸಾಮಾನ್ಯ ವೀಕ್ಷಕರು ಇಬರ್ಡ್ ಎಂಬ ಅಂತರಜಾಲ ದಾಖಲೆಗೆ ಸೇರಿಸಿದ ಪಟ್ಟಿಗಳು; ದಿನ, ಸ್ಥಳ, ನೋಡಿದ ಅವಧಿ ಮತ್ತು ಕಂಡ ಪ್ರತಿಯೊಂದು ಜಾತಿಯ ಸಂಖ್ಯೆ ಇವಿಷ್ಟಿದ್ದರೆ ಯಲಬುರ್ಗಾದ ಹೊಲದ ಬದುವಿನಲ್ಲಿ ಕಾಲು ಗಂಟೆ ನಿಂತು ಬರೆದ ಪಟ್ಟಿಯೂ ವಿಜ್ಞಾನಕ್ಕೆ ಬೇಕಾದದ್ದೇ.

ರೈತರಿಗೆ ಹೆಚ್ಚು ಪರಿಚಿತವಾದ ವಲಸಿಗ ಗುಲಾಬಿ ಕಬ್ಬಕ್ಕಿ. ಕಪ್ಪು ತಲೆ, ಕಪ್ಪು ರೆಕ್ಕೆ ಮತ್ತು ತಿಳಿಗುಲಾಬಿ ಮೈಯ ಈ ಹಕ್ಕಿ ಮೈನಾದ ಬಳಗಕ್ಕೆ ಸೇರಿದ್ದು, ಉಳಿದ ಅನೇಕ ವಲಸಿಗರಿಗಿಂತ ಮೊದಲೇ ಬಂದು, ಜೋಳದ ತೆನೆ ಹಾಲುಗಾಳಾಗುವ ಹೊತ್ತಿಗೆ ಮೋಡದಂತೆ ಹೊಲದ ಮೇಲೆ ಇಳಿಯುತ್ತದೆ. ಸೀತನಿಯ, ಎಂದರೆ ಎಳೆ ತೆನೆಯನ್ನು ಸುಟ್ಟು ತಿನ್ನುವ, ದಿನಗಳಲ್ಲಿ ಅಟ್ಟಣಿಗೆಯ ಮೇಲೆ ನಿಂತು ಕವಣೆ ಬೀಸುವುದು ಬಹುಮಟ್ಟಿಗೆ ಇಂಥ ಹಿಂಡುಗಳನ್ನು ಓಡಿಸುವುದಕ್ಕೇ. ರೈತನ ನಷ್ಟ ನಿಜವಾದದ್ದು, ಅದನ್ನು ಅಲ್ಲಗಳೆಯಲಾಗದು. ಆದರೂ ಅದೇ ಹಿಂಡು ಹೊಲದ ಮಿಡತೆಗಳನ್ನು ಯಥೇಚ್ಛವಾಗಿ ತಿನ್ನುತ್ತದೆ, ಬೇಸಗೆಯ ಆರಂಭದಲ್ಲಿ ಮುತ್ತುಗ ಮತ್ತು ಬೂರುಗದ ಹೂಗಳ ಮಕರಂದ ಹೀರುವಾಗ ಹಣೆಗೆ ಅಂಟಿದ ಪರಾಗವನ್ನು ಮರದಿಂದ ಮರಕ್ಕೆ ಒಯ್ಯುತ್ತದೆ, ಆಮೇಲೆ ಮಧ್ಯ ಏಷ್ಯಾಕ್ಕೆ ಮರಳಿ ಕಲ್ಲುಸಂದುಗಳಲ್ಲಿ ಗೂಡು ಕಟ್ಟುತ್ತದೆ. ಚೀನಾದ ಶಿನ್‌ಜಿಯಾಂಗ್ ಪ್ರಾಂತದ ಹುಲ್ಲುಗಾವಲುಗಳಲ್ಲಿ ಮಿಡತೆಗಳ ಹಾವಳಿ ತಡೆಯಲೆಂದು, ಈ ಹಕ್ಕಿಗಳು ಬಂದು ಮರಿ ಮಾಡಲಿ ಎಂಬ ಆಸೆಯಿಂದ, ಜನರೇ ಕಲ್ಲುಗಳನ್ನು ರಾಶಿಯಾಗಿ ಪೇರಿಸಿಡುತ್ತಾರೆ.