ಮಿದುಳಿನ ನಾಳದಲ್ಲೊಂದು ಗುಳ್ಳೆ

2011ರ ಫೆಬ್ರುವರಿ. ಲಂಡನ್ನಿನ ಜಿಮ್ ಒಂದರಲ್ಲಿ ವ್ಯಾಯಾಮ ಮಾಡುತ್ತಿದ್ದ 24ರ ಯುವತಿಗೆ ಇದ್ದಕ್ಕಿದ್ದಂತೆ ರಬ್ಬರ್ ಪಟ್ಟಿಯಿಂದ ಮಿದುಳನ್ನು ಹಿಂಡಿದಂತಾಯಿತು. ಹೇಗೋ ಶೌಚಾಲಯ ತಲುಪಿ ವಾಂತಿ ಮಾಡಿಕೊಂಡರು. ಎಚ್ಚರ ತಪ್ಪದಿರಲೆಂದು ಬೆರಳುಗಳನ್ನು ಆಡಿಸುತ್ತಾ, ತಾವು ಬಾಯಿಪಾಠ ಮಾಡಿದ್ದ ಸಂಭಾಷಣೆಗಳನ್ನು ನೆನಪಿಸಿಕೊಳ್ಳಲು ಹೆಣಗಿದರು. ಅವರು ನಟಿ ಎಮಿಲಿಯಾ ಕ್ಲಾರ್ಕ್. 'ಗೇಮ್ ಆಫ್ ಥ್ರೋನ್ಸ್' ಧಾರಾವಾಹಿಯ ಮೊದಲ ಸೀಸನ್ ಇನ್ನೂ ಪ್ರಸಾರವಾಗಿರಲಿಲ್ಲ.

ಒಡೆದದ್ದು ಮಿದುಳಿನ ಅನ್ಯೂರಿಸಂ. ನಾಳದ ಗೋಡೆ ಸೊರಗಿದ ಕಡೆ, ಹೆಚ್ಚಾಗಿ ಕವಲೊಡೆಯುವ ಜಾಗದಲ್ಲಿ, ರಕ್ತದ ಒತ್ತಡಕ್ಕೆ ಏಳುವ ಗುಳ್ಳೆ ಅದು. ಸವೆದ ಸೈಕಲ್ ಟ್ಯೂಬ್ ಉಬ್ಬುವ ಹಾಗೆ. ನೂರು ವಯಸ್ಕರಲ್ಲಿ ಸುಮಾರು ಮೂವರಲ್ಲಿ ಇಂಥದ್ದು ಇರುತ್ತದೆ. ಬಹುಪಾಲು ಒಡೆಯುವುದೇ ಇಲ್ಲ. ಒಡೆದರೆ ಮಾತ್ರ ಮೂವರಲ್ಲಿ ಒಬ್ಬರಾದರೂ ಉಳಿಯುವುದಿಲ್ಲ.

1937ರಲ್ಲಿ ಬಾಲ್ಟಿಮೋರ್‌ನ ವಾಲ್ಟರ್ ಡ್ಯಾಂಡಿ ತಲೆಬುರುಡೆ ತೆರೆದು, ಗುಳ್ಳೆಯ ಕುತ್ತಿಗೆಗೆ ಬೆಳ್ಳಿಯ ಕ್ಲಿಪ್ ಹಾಕಿದರು. ಅಲ್ಲಿಂದ ಅರ್ಧ ಶತಮಾನ ಬುರುಡೆ ತೆರೆಯುವುದೇ ಮುಖ್ಯ ದಾರಿಯಾಗಿತ್ತು.

ಆ ದಾರಿಯನ್ನು ಬದಲಿಸಿದವರು ಇಟಲಿ ಮೂಲದ ಗ್ವಿಡೊ ಗುಗ್ಲಿಯೆಲ್ಮಿ. ತೊಡೆಸಂದಿನ ರಕ್ತನಾಳದಿಂದ ಸಪೂರ ಕೊಳವೆಯೊಂದನ್ನು ಮಿದುಳಿನವರೆಗೆ ಒಯ್ಯುತ್ತಾರೆ. ಅದರೊಳಗೆ ನೆಟ್ಟಗಿರುವ ಪ್ಲಾಟಿನಂ ಎಳೆ ಗುಳ್ಳೆಯೊಳಕ್ಕೆ ಇಳಿದೊಡನೆ ಸಿಂಬಿಯಂತೆ ಸುತ್ತಿಕೊಳ್ಳುತ್ತದೆ. ಸರಿಯಾಗಿ ಕೂರದಿದ್ದರೆ ವಾಪಸ್ ಎಳೆದುಕೊಳ್ಳಬಹುದು. ಕೂತರೆ ತುಸು ವಿದ್ಯುತ್ ಹರಿಸುತ್ತಾರೆ. ಬೆಸುಗೆ ಕರಗಿ ಸುರುಳಿ ಕಳಚಿಕೊಂಡು ಅಲ್ಲೇ ಉಳಿಯುತ್ತದೆ. ಸುತ್ತ ರಕ್ತ ಹೆಪ್ಪುಗಟ್ಟಿ ಗುಳ್ಳೆ ಮುಚ್ಚಿಹೋಗುತ್ತದೆ. ಬುರುಡೆಗೆ ಗರಗಸ ತಾಗದ ಈ ಚಿಕಿತ್ಸೆ ನಿಜಕ್ಕೂ ದೊಡ್ಡ ನೆಗೆತ. 2,143 ರೋಗಿಗಳ ಮೇಲೆ ನಡೆದ ಅಧ್ಯಯನವೊಂದರ ಫಲಿತಾಂಶ 2002ರಲ್ಲಿ ಬಂತು. ವರ್ಷದ ನಂತರ ಸತ್ತವರು ಅಥವಾ ಪರಾವಲಂಬಿಗಳಾದವರು ಕ್ಲಿಪ್ ಹಾಕಿಸಿಕೊಂಡವರಲ್ಲಿ ನೂರಕ್ಕೆ ಸುಮಾರು 31, ಸುರುಳಿಯವರಲ್ಲಿ 24.

ಎಮಿಲಿಯಾ ಉಳಿದದ್ದೂ ಸುರುಳಿಯಿಂದಲೇ. ಆದರೂ ಕೆಲವು ದಿನ ತಮ್ಮ ಹೆಸರನ್ನೇ ಹೇಳಲಾಗದೆ ಒದ್ದಾಡಿದರು. ಅವರ ಮಿದುಳಿನಲ್ಲಿದ್ದ ಎರಡನೇ ಗುಳ್ಳೆ 2013ರ ಹೊತ್ತಿಗೆ ದೊಡ್ಡದಾಗಿತ್ತು. ನ್ಯೂಯಾರ್ಕಿನಲ್ಲಿ ನಾಳದ ಮೂಲಕ ಮಾಡಿದ ಯತ್ನ ಕೈಕೊಟ್ಟು, ಕೊನೆಗೆ ಬುರುಡೆ ತೆರೆಯಬೇಕಾಯಿತು. ಹಳೆಯ ಕ್ಲಿಪ್ ವಿದ್ಯೆ ಇವತ್ತಿಗೂ ಬೇಕೇ ಬೇಕು.

2011ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ 'ಫ್ಲೋ ಡೈವರ್ಟರ್' ಗುಳ್ಳೆಯ ತಂಟೆಗೇ ಹೋಗುವುದಿಲ್ಲ. ನಾಳದೊಳಗೆ ಲೋಹದ ಸಣ್ಣ ಜಾಲರಿ ಕೊಳವೆಯಾಗಿ ಕೂರುತ್ತದೆ. ಗುಳ್ಳೆಗೆ ನುಗ್ಗುವ ರಕ್ತ ನಿಧಾನಿಸಿ, ತಿಂಗಳುಗಳಲ್ಲಿ ಅದು ತಾನಾಗಿ ಮುಚ್ಚಿಕೊಳ್ಳುತ್ತದೆ. ಆದರೆ ರಕ್ತ ಹೆಪ್ಪುಗಟ್ಟದಂತೆ ಮಾತ್ರೆ ನುಂಗಬೇಕಾಗುವುದರಿಂದ, ಆಗಷ್ಟೇ ಒಡೆದ ಗುಳ್ಳೆಗೆ ಇದನ್ನು ಬಳಸಲು ವೈದ್ಯರು ಹಿಂಜರಿಯುತ್ತಾರೆ.

ಕಾರಣದ ಹುಡುಕಾಟವೂ ಮುಂದುವರಿದಿದೆ. 2020ರ ಅಂತರರಾಷ್ಟ್ರೀಯ ಅಧ್ಯಯನವೊಂದು ಅನ್ಯೂರಿಸಂಗೆ ನಂಟಿರುವ 17 ಜಾಗಗಳನ್ನು ನಮ್ಮ ವಂಶವಾಹಿಯಲ್ಲಿ ಗುರುತಿಸಿತು. ಧೂಮಪಾನ ಮತ್ತು ಅಧಿಕ ರಕ್ತದೊತ್ತಡದ ಪಾತ್ರವನ್ನೂ ಅದು ಗಟ್ಟಿ ಮಾಡಿತು. ವಂಶವಾಹಿಯನ್ನು ಬದಲಿಸಲಾಗದು, ಬೀಡಿ ಸಿಗರೇಟು ಬಿಡಬಹುದು, ಬಿಪಿ ಮಾತ್ರೆ ತಪ್ಪದೆ ನುಂಗಬಹುದು.

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಕ್ಲಿಪ್, ಸುರುಳಿ ಎರಡೂ ಚಿಕಿತ್ಸೆಗಳಿವೆ. ಆದರೆ ರೋಗಿ ಹೊತ್ತಿಗೆ ತಲುಪಬೇಕಲ್ಲ! ಸಿಡಿಲು ಬಡಿದಂತೆ ಕ್ಷಣದಲ್ಲಿ ಏರಿದ, ಹಿಂದೆಂದೂ ಕಾಣದ ತಲೆನೋವು. ಜತೆಗೆ ವಾಂತಿ, ಕುತ್ತಿಗೆ ಬಿಗಿತ. ಇದನ್ನು ಪಿತ್ತವೆಂದೋ ಮೈಗ್ರೇನ್ ಎಂದೋ ಭಾವಿಸಿ ಮಾತ್ರೆ ನುಂಗಿ ಮಲಗಬೇಡಿ. 108ಕ್ಕೆ ಕರೆ ಮಾಡಿ, ಸಿಟಿ ಸ್ಕ್ಯಾನ್ ಇರುವ ಆಸ್ಪತ್ರೆಗೆ ಹೋಗಿ. ನೋವು ಶುರುವಾದ ಆರು ಗಂಟೆಯೊಳಗೆ ಮಾಡಿದ ಸ್ಕ್ಯಾನ್‌ನಲ್ಲಿ ಈ ರಕ್ತಸ್ರಾವ ತಪ್ಪಿಸಿಕೊಳ್ಳುವುದು ತೀರಾ ಅಪರೂಪ.