ಬುಕಿಂಗ್ ಇಲ್ಲದೆ ಎಸ್ಕೇಪ್ ರೂಮ್‌ಗೆ ಹೋದ್ರೆ ಬಿಡ್ತಾರಾ? ಚೆನ್ನೈನಲ್ಲಿರೋ ನಮ್ಮವರಿಗೆ ಒಂದು ಲೆಕ್ಕ

ಈ ಸಲದ ಮಾತು ಒಂದು ಸಣ್ಣ ಪ್ರಶ್ನೆಯ ಬಗ್ಗೆ. ಕೆಲಸಕ್ಕೆ ಅಂತ ಚೆನ್ನೈಗೆ ಬಂದಿರೋ ನಮ್ಮ ಹುಡುಗ ಹುಡುಗಿಯರು ಶನಿವಾರ ಸಂಜೆ ಹತ್ತಿರ ಬಂದ ಹಾಗೆ ಕೇಳೋ ಪ್ರಶ್ನೆ: "ಮೊದಲೇ ಬುಕ್ ಮಾಡದೆ ಎಸ್ಕೇಪ್ ರೂಮ್‌ಗೆ ಹೋದ್ರೆ ಒಳಗೆ ಬಿಡ್ತಾರಾ?"

ಒಂದೇ ಸಾಲಿನ ಉತ್ತರ ಬೇಕು ಅನ್ನೋರಿಗೆ: ಬಿಡಬಹುದು, ಆದರೆ ಮನೆಯಿಂದ ಹೊರಡೋ ಮುಂಚೆ ಒಂದು ಫೋನ್ ಮಾಡಿ. ಯಾಕೆ ಫೋನು, ಫೋನಲ್ಲಿ ಏನು ಕೇಳಬೇಕು, ಜಾಗ ಸಿಕ್ಕಿದ ಖುಷಿಯಲ್ಲಿ ಯಾವುದನ್ನು ಬಿಟ್ಟುಕೊಡಬಾರದು ಅನ್ನೋದು ಬೇಕಿದ್ದರೆ ಪೂರ್ತಿ ಓದಿ.

ಮೊದಲಿಗೆ ಒಂದು ಮಾತು. ಬುಕ್ ಮಾಡದೆ ಹೋಗೋರನ್ನ "ಪ್ಲಾನಿಂಗ್ ಇಲ್ಲದ ಜನ" ಅಂತ ಬೈಯೋದು ಸುಲಭ. ಆದರೆ ನಮ್ಮ ಕೆಲಸದ ರೀತಿ ಹೇಗಿದೆ ನೋಡಿ. ನಾನೂ ಆನ್-ಕಾಲ್ ರೋಸ್ಟರ್‌ನಲ್ಲಿ ಇರೋನು. ಶೋಲಿಂಗನಲ್ಲೂರಿನಿಂದ ಸಿರುಸೇರಿವರೆಗೆ ಓಎಂಆರ್ ಉದ್ದಕ್ಕೂ ಇರೋ ಆಫೀಸುಗಳಲ್ಲಿ ನಮ್ಮಂಥವರು ಎಷ್ಟೋ ಜನ. ಭಾನುವಾರ ಸಂಜೆ ಬಿಡುವು ಇದೆಯಾ ಇಲ್ವಾ ಅಂತ ಭಾನುವಾರ ಮಧ್ಯಾಹ್ನವೇ ಗೊತ್ತಾಗೋದು. ಮುಂಗಡ ದುಡ್ಡು ಕಟ್ಟಿ, ಆಮೇಲೆ ಪ್ರೊಡಕ್ಷನ್ ಇಶ್ಯೂ ಬಂದರೆ ದುಡ್ಡೂ ಹೋಯ್ತು, ಸಂಜೆಯೂ ಹೋಯ್ತು. ಮೂರು ವಾರಕ್ಕೊಮ್ಮೆ ನಾಲ್ಕು ಜನಕ್ಕೂ ಒಟ್ಟಿಗೆ ಬಿಡುವು ಸಿಗುತ್ತೆ. ಆ ಸಂಜೆ ಹಾಳಾಗಬಾರದು ಅನ್ನೋದೇ ಈ ಪ್ರಶ್ನೆಯ ಹಿಂದಿರೋ ಚಿಂತೆ.

ಈಗ ಆಟದ ವಿಷಯಕ್ಕೆ ಬರೋಣ. ಗೊತ್ತಿಲ್ಲದವರಿಗೆ ಚಿಕ್ಕದಾಗಿ ಹೇಳ್ತೀನಿ. ಒಂದು ಕೋಣೆ, ಅದಕ್ಕೊಂದು ಕಥೆ, ಸಾಮಾನ್ಯವಾಗಿ 60 ನಿಮಿಷ. ಒಳಗಿರೋ ಸುಳಿವುಗಳನ್ನ ಹುಡುಕಿ, ಒಂದಕ್ಕೊಂದು ಜೋಡಿಸಿ, ಬೀಗ ಬಿಚ್ಚುತ್ತಾ ಹೊರಗೆ ಬರಬೇಕು. ಇದು ಮೊದಲು ಕಂಪ್ಯೂಟರ್ ಆಟವಾಗಿತ್ತು. 2004ರಲ್ಲಿ ಬಂದ ಜಪಾನಿನ 'ಕ್ರಿಮ್ಸನ್ ರೂಮ್' ಆಟವನ್ನ ನಿಮ್ಮಲ್ಲಿ ಕೆಲವರು ಕಾಲೇಜ್ ಲ್ಯಾಬಿನಲ್ಲಿ ಕದ್ದುಮುಚ್ಚಿ ಆಡಿರಬಹುದು. 2007ರಲ್ಲಿ ಕ್ಯೋಟೊದಲ್ಲಿ ತಕಾವೊ ಕಾಟೊ ಅನ್ನೋರು ತಮ್ಮ ಸ್ಕ್ರ್ಯಾಪ್ ಸಂಸ್ಥೆಯ ಮೂಲಕ ಇದನ್ನ ನಿಜವಾದ ಜಾಗದಲ್ಲಿ, ನಿಜವಾದ ಜನರ ಕೈಲಿ ಆಡಿಸಿದರು. 2011ರಲ್ಲಿ ಬುಡಾಪೆಸ್ಟ್‌ನಲ್ಲಿ ಪ್ಯಾರಾಪಾರ್ಕ್ ಶುರುವಾಯ್ತು, ಅಲ್ಲಿಂದ ಯುರೋಪಿಗೆಲ್ಲ ಹಬ್ಬಿತು. ನಮ್ಮ ದೇಶದ ದೊಡ್ಡ ಊರುಗಳಿಗೆ ಬಂದದ್ದು ಅದರ ನಂತರದ ವರ್ಷಗಳಲ್ಲಿ.

ಸರಿ, ಸಿನಿಮಾಕ್ಕೆ ಹಾಗೇ ಹೋಗಿ ಟಿಕೆಟ್ ತಗೋತೀವಲ್ಲ, ಇಲ್ಲಿ ಯಾಕೆ ಆಗಲ್ಲ?

ಥಿಯೇಟರಲ್ಲಿ ಮಾರೋದು ಸೀಟು. ಇನ್ನೂರು ಸೀಟಲ್ಲಿ ಮೂಲೆಯ ನಾಲ್ಕು ಖಾಲಿ ಇದ್ದರೆ ನಿಮಗೆ ಕೊಡ್ತಾರೆ, ಉಳಿದವರಿಗೆ ಏನೂ ತೊಂದರೆ ಇಲ್ಲ. ಎಸ್ಕೇಪ್ ರೂಮಲ್ಲಿ ಮಾರೋದು ಇಡೀ ಕೋಣೆಯ ಒಂದು ಗಂಟೆ. ಇಬ್ಬರು ಒಳಗೆ ಹೋದರೂ ಕೋಣೆ ಭರ್ತಿ, ಆರು ಜನ ಹೋದರೂ ಭರ್ತಿ. ನಮ್ಮ ಭಾಷೇಲಿ ಹೇಳೋದಾದ್ರೆ ಇದು ಷೇರ್ಡ್ ರಿಸೋರ್ಸ್ ಅಲ್ಲ, ಎಕ್ಸ್‌ಕ್ಲೂಸಿವ್ ಲಾಕ್. ಒಂದು ತಂಡ ಲಾಕ್ ಬಿಡೋವರೆಗೆ ಇನ್ನೊಂದು ತಂಡ ಕಾಯಲೇಬೇಕು.

ಅಷ್ಟೇ ಅಲ್ಲ, ಆ ಒಂದು ಗಂಟೆಯ ಹಿಂದೆ ಮುಂದೆಯೂ ಕೆಲಸ ಇರುತ್ತೆ. ಆಟಕ್ಕೆ ಮುಂಚೆ ನಿಯಮ ಹೇಳೋಕೆ ಹತ್ತು ಹದಿನೈದು ನಿಮಿಷ. ಆಟ ಮುಗಿದ ಮೇಲೆ ಪ್ರತಿ ಬೀಗ ಹಾಕಿ, ಪ್ರತಿ ಸುಳಿವನ್ನ ಮತ್ತೆ ಅದರ ಜಾಗದಲ್ಲೇ ಇಟ್ಟು, ಕೋಣೆಯನ್ನ ರೀಸೆಟ್ ಮಾಡೋಕೆ ಇನ್ನೊಂದು ಹತ್ತು ಹದಿನೈದು ನಿಮಿಷ. ಅಂದ್ರೆ ಒಂದು ತಂಡಕ್ಕೆ ಸುಮಾರು 90 ನಿಮಿಷ. ಬೆಳಿಗ್ಗೆ 11ರಿಂದ ರಾತ್ರಿ 9ರವರೆಗೆ ತೆರೆದಿರೋ ಜಾಗ ಅಂತ ಇಟ್ಟುಕೊಂಡರೆ ಒಂದು ಕೋಣೆಗೆ ದಿನಕ್ಕೆ ಆರು ತಂಡ. ನಾಲ್ಕು ಕೋಣೆ ಇದ್ದರೆ ಇಪ್ಪತ್ನಾಲ್ಕು ತಂಡ. ಈ ಇಪ್ಪತ್ನಾಲ್ಕರಲ್ಲಿ ಎಲ್ಲರಿಗೂ ಬೇಕಾಗಿರೋದು ಶನಿವಾರ ಭಾನುವಾರದ 4ರಿಂದ 8 ಗಂಟೆ. ಆ ಹೊತ್ತಿಗೆ ನಾಲ್ಕು ಕೋಣೆಯಲ್ಲೂ ಸೇರಿ ಹತ್ತು ಹನ್ನೆರಡು ಸ್ಲಾಟ್ ಮಾತ್ರ. ಇಡೀ ಊರು ಅದಕ್ಕೇ ಕಾಯ್ತಾ ಇರುತ್ತೆ.

ಆದರೆ ಇದೇ ಲೆಕ್ಕ ನಮ್ಮ ಪರವಾಗಿಯೂ ಕೆಲಸ ಮಾಡುತ್ತೆ. ಮಾರಾಟ ಆಗದ ಗಂಟೆಯನ್ನ ನಾಳೆಗೆ ಎತ್ತಿಡೋಕೆ ಆಗಲ್ಲ. ಸಂಜೆ ಸಂತೆಯಲ್ಲಿ ಉಳಿದ ಸೊಪ್ಪಿನ ಕಟ್ಟು ಇದ್ದ ಹಾಗೆ. ಬುಧವಾರ ಮಧ್ಯಾಹ್ನ 2 ಗಂಟೆಯ ಸ್ಲಾಟ್ ಖಾಲಿ ಹೋಗೋದಕ್ಕಿಂತ ನಿಮ್ಮ ನಾಲ್ಕು ಜನರ ದುಡ್ಡು ಬರೋದೇ ಅವರಿಗೂ ಬೇಕು. ಅದಕ್ಕೇ ಬುಕಿಂಗ್ ಇಲ್ಲದೆ ಹೋಗೋರಿಗೆ ವಾರದ ದಿನವೇ ಒಳ್ಳೇದು. ನೈಟ್ ಶಿಫ್ಟ್ ಇರೋರಿಗೆ, ವಾರಾಂತ್ಯ ಕೆಲಸ ಮಾಡಿ ಮಂಗಳವಾರ ಕಾಂಪ್-ಆಫ್ ತಗೊಳ್ಳೋರಿಗೆ ಇದೊಂದು ವರ.

ಇನ್ನು ವೆಬ್‌ಸೈಟ್ ನೋಡೋ ವಿಷಯ. ಸ್ಲಾಟ್ ಬೂದು ಬಣ್ಣದಲ್ಲಿ ಕಂಡ ತಕ್ಷಣ "ಫುಲ್ ಆಗಿದೆ" ಅಂತ ಕೈಬಿಡಬೇಡಿ. ಆ ಬೂದು ಬಣ್ಣಕ್ಕೆ ಮೂರು ಅರ್ಥ ಇರಬಹುದು. ಒಂದು, ನಿಜವಾಗಿ ಯಾರೋ ಬುಕ್ ಮಾಡಿದ್ದಾರೆ. ಎರಡು, ಆಟಕ್ಕೆ ಇಂತಿಷ್ಟು ಹೊತ್ತು ಮುಂಚೆ ಆನ್‌ಲೈನ್ ಬುಕಿಂಗ್ ತಾನಾಗಿ ಮುಚ್ಚೋ ಹಾಗೆ ಇಟ್ಟಿದ್ದಾರೆ, ಕೋಣೆ ಖಾಲಿಯೇ ಇದೆ. ಮೂರು, ರಿಪೇರಿ ಅಥವಾ ಸಿಬ್ಬಂದಿ ಕೊರತೆ ಅಂತ ಅವರೇ ತಡೆದಿದ್ದಾರೆ. ಎರಡನೇ ಅರ್ಥ ನಿಮಗೆ ಗೊತ್ತಾಗೋದು ಫೋನ್ ಮಾಡಿದಾಗ ಮಾತ್ರ.

ಇದರ ತಿರುಗುಮುರುಗು ಕೂಡ ನಿಜ. ಕೋಣೆ ಖಾಲಿ ಇದೆ ಅಂದ ಮಾತ್ರಕ್ಕೆ ಆಟ ಇದೆ ಅಂತಲ್ಲ. ಪ್ರತಿ ಆಟವನ್ನ ಹೊರಗೆ ಕೂತು ಕ್ಯಾಮೆರಾದಲ್ಲಿ ನೋಡ್ತಾ, ಸಿಕ್ಕಿಹಾಕಿಕೊಂಡಾಗ ಸುಳಿವು ಕೊಡೋಕೆ ಒಬ್ಬ ಗೇಮ್ ಮಾಸ್ಟರ್ ಬೇಕು. ಬುಕಿಂಗ್ ಇಲ್ಲದ ದಿನ ಆ ಮನುಷ್ಯನೇ ಇಲ್ಲದಿರಬಹುದು. ಒಂದು ಗಂಟೆ ಮುಂಚೆ ನೀವು ಮಾಡೋ ಫೋನು ಅವನಿಗೂ ತಯಾರಾಗೋಕೆ ಸಮಯ ಕೊಡುತ್ತೆ.

ಫೋನಲ್ಲಿ ಏನು ಕೇಳೋದು? ಇಂಗ್ಲಿಷ್ ಸಾಕು. ಆದರೂ ಎರಡು ಮಾತು ತಮಿಳು ಆಡಿ ನೋಡಿ, ಆ ಕಡೆಯ ದನಿ ಮೆತ್ತಗಾಗುತ್ತೆ. "ಇಪ್ಪೋ ಸ್ಲಾಟ್ ಇರುಕ್ಕಾ?" ಅಂದ್ರೆ ಈಗ ಸ್ಲಾಟ್ ಇದೆಯಾ ಅಂತ. ಅವರು "ಎತ್ತನೆ ಪೇರ್?" ಅಂತಾರೆ. ಹೆಸರು ಕೇಳ್ತಿದ್ದಾರೆ ಅಂದ್ಕೊಂಡು ನಿಮ್ಮ ಹೆಸರು ಹೇಳಬೇಡಿ. ಪೇರ್ ಅಂದ್ರೆ ಹೆಸರೂ ಹೌದು, ಜನದ ಲೆಕ್ಕವೂ ಹೌದು. ಇಲ್ಲಿ ಕೇಳ್ತಿರೋದು ಎಷ್ಟು ಜನ ಅಂತ. "ನಾಲು ಪೇರ್" ಅನ್ನಿ, ನಾಲ್ಕು ಜನ. ಆಮೇಲೆ ಇಷ್ಟು ಕೇಳಿ: ಯಾವ ಕೋಣೆ ಖಾಲಿ ಇದೆ, ಕನಿಷ್ಠ ಎಷ್ಟು ಜನ ಬೇಕು, ಎಷ್ಟು ಹೊತ್ತಿಗೆ ಬಂದು ಮುಟ್ಟಬೇಕು, ತಡವಾದರೆ ಆಟದ ಸಮಯ ಕಡಿಮೆ ಆಗುತ್ತಾ, ನಾನು ಬರೋವರೆಗೆ ಹಿಡಿದಿಡ್ತೀರಾ ಅಥವಾ ಈಗಲೇ ಯುಪಿಐ ಮಾಡಬೇಕಾ. ಯಾವ ಕೋಣೆಯಾದರೂ ಪರವಾಗಿಲ್ಲ, ಯಾವ ಕಥೆಯಾದರೂ ಸರಿ ಅನ್ನೋರಿಗೆ ಜಾಗ ಬೇಗ ಸಿಗುತ್ತೆ. ಇಂಥದ್ದೇ ಬೇಕು ಅನ್ನೋರು ಬುಕ್ ಮಾಡಿಯೇ ಹೋಗಬೇಕು.

ಒಬ್ಬರೇ ಇದ್ದೀರಾ? ಊರಿಗೆ ಹೊಸಬರು, ಪಿಜಿಯಲ್ಲಿ ಇನ್ನೂ ಯಾರ ಪರಿಚಯವೂ ಇಲ್ಲ ಅನ್ನೋರಿಗೆ ಇದು ಕಷ್ಟದ ಪ್ರಶ್ನೆ. ಹೆಚ್ಚಿನ ಕಡೆ ಕನಿಷ್ಠ ಇಬ್ಬರು ಬೇಕು, ಗೊತ್ತಿಲ್ಲದ ತಂಡದ ಜೊತೆ ಸಾಮಾನ್ಯವಾಗಿ ಸೇರಿಸಲ್ಲ. ಹಾಗಾಗಿ ಮೊದಲು ಹುಡುಕಬೇಕಾದ್ದು ಸ್ಲಾಟ್ ಅಲ್ಲ, ಜನ. ಪಕ್ಕದ ರೂಮಿನ ಹುಡುಗನನ್ನೋ, ಆಫೀಸ್ ಕ್ಯಾಬಿನಲ್ಲಿ ಜೊತೆ ಬರೋರನ್ನೋ ಕೇಳಿ ನೋಡಿ. "ಊಟಕ್ಕೆ ಹೋಗೋಣ್ವಾ" ಅಂದ್ರೆ ಅಲ್ಲಿ ಏನು ಮಾತಾಡೋದು ಅಂತ ಹಿಂಜರಿಯೋರು "ಆಟಕ್ಕೆ ಬರ್ತೀರಾ" ಅಂದ್ರೆ ಬರ್ತಾರೆ. ಒಂದು ಗಂಟೆ ಒಟ್ಟಿಗೆ ಬೀಗ ಬಿಚ್ಚಿದ ಮೇಲೆ ಮಾತಿಗೆ ಬರವಿಲ್ಲ.

ಈಗ ಚೆನ್ನೈ ನಕ್ಷೆ ನೆನಪಿಸಿಕೊಳ್ಳಿ. ನೀವಿರೋದು ಶೋಲಿಂಗನಲ್ಲೂರು, ಆಟದ ಜಾಗ ಅಣ್ಣಾನಗರ ಅಂತ ಇಟ್ಟುಕೊಳ್ಳಿ. ಮೂವತ್ತು ಕಿಲೋಮೀಟರ್ ಹತ್ತಿರ ಆಯ್ತು, ಜೊತೆಗೆ ಓಎಂಆರ್‌ನಲ್ಲಿ ಮೆಟ್ರೊ ಕಾಮಗಾರಿ. ಅಷ್ಟು ದೂರ ಹೋಗಿ "ಇಲ್ಲ" ಅನ್ನಿಸಿಕೊಂಡು ಬರೋದು ಬೇಡ. "ಎರಡು ಗಂಟೆ ಬಿಟ್ಟು ಬನ್ನಿ" ಅಂದ್ರೆ ಕಾಯೋಕೆ ಹತ್ತಿರ ಏನಿದೆ ಅಂತ ಮೊದಲೇ ನೋಡಿಟ್ಟುಕೊಳ್ಳಿ. ಅಣ್ಣಾನಗರವಾದರೆ ಟವರ್ ಪಾರ್ಕ್ ಇದೆ. 1968ರ ವಾಣಿಜ್ಯ ಮೇಳಕ್ಕೆ ಕಟ್ಟಿದ ಗೋಪುರ ಅದು; ಅದರ ಅಧಿಕೃತ ಹೆಸರಲ್ಲಿ ನಮ್ಮ ವಿಶ್ವೇಶ್ವರಯ್ಯನವರು ಇದ್ದಾರೆ ಅಂತ ನಮ್ಮಲ್ಲೇ ಎಷ್ಟೋ ಜನಕ್ಕೆ ಗೊತ್ತಿಲ್ಲ.

ಹವಾಮಾನವೂ ಲೆಕ್ಕಕ್ಕೆ ಬರುತ್ತೆ. ಏಪ್ರಿಲ್, ಮೇ ತಿಂಗಳಲ್ಲಿ ಶಾಲೆಗೆ ರಜೆ, ಹೊರಗೆ ಕತ್ತಿರಿ ಬಿಸಿಲು; ಎಸಿ ಇರೋ ಎಲ್ಲ ಜಾಗವೂ ವಾರದ ದಿನವೂ ತುಂಬಿರುತ್ತೆ. ಅಕ್ಟೋಬರಿನಿಂದ ಡಿಸೆಂಬರ್ ತನಕ ಹಿಂಗಾರು. ಮಳೆ ಬಂದರೆ ಬುಕ್ ಮಾಡಿದವರು ಬರಲ್ಲ, ಸ್ಲಾಟ್ ಬಿಡುಗಡೆ ಆಗುತ್ತೆ. ಆದರೆ ವೇಳಚೇರಿ, ಪಳ್ಳಿಕರಣೆ ಕಡೆ ನೀರು ನಿಲ್ಲೋದು ಹೇಗೆ ಅಂತ 2023ರ ಡಿಸೆಂಬರಿನ ಮಿಚಾಂಗ್ ಚಂಡಮಾರುತ ನೋಡಿದವರಿಗೆ ಹೇಳಬೇಕಿಲ್ಲ. ಮಳೆಯ ಎಚ್ಚರಿಕೆ ಇದ್ದ ದಿನ ಖಾಲಿ ಸ್ಲಾಟಿನ ಆಸೆಗೆ ಹೊರಡಬೇಡಿ.

ಇನ್ನು ಬಿಟ್ಟುಕೊಡಬಾರದ ಸಂಗತಿ. ಇದಕ್ಕಾಗಿಯೇ ನಾನು ಈ ಮಾತು ಎತ್ತಿಕೊಂಡದ್ದು.

2019ರ ಜನವರಿ 4ರಂದು ಪೋಲೆಂಡಿನ ಕೊಷಾಲಿನ್ ಅನ್ನೋ ಊರಿನ ಎಸ್ಕೇಪ್ ರೂಮಿನಲ್ಲಿ ಬೆಂಕಿ ಬಿತ್ತು. ಗೆಳತಿಯ ಹುಟ್ಟುಹಬ್ಬಕ್ಕೆ ಬಂದಿದ್ದ 15 ವರ್ಷದ ಐದು ಹುಡುಗಿಯರು ಒಳಗೇ ತೀರಿಕೊಂಡರು. ಗ್ಯಾಸ್ ಹೀಟರಿನಿಂದ ಹೊತ್ತಿದ ಬೆಂಕಿ ಹೊರಗಿನ ಕಾಯೋ ಜಾಗದಲ್ಲಿತ್ತು. ಒಳಗಿದ್ದವರ ಪ್ರಾಣ ತೆಗೆದದ್ದು ಕಾರ್ಬನ್ ಮೊನಾಕ್ಸೈಡ್. ಅವರಿಗೆ ಹೊರಬರೋ ದಾರಿ ಇರಲಿಲ್ಲ. ಆಮೇಲೆ ದೇಶದ ಉದ್ದಕ್ಕೂ ತಪಾಸಣೆ ನಡೆದು ಎಷ್ಟೋ ಜಾಗಗಳನ್ನ ಮುಚ್ಚಿಸಿದರು. ದೂರದ ಕಥೆ ಅನ್ನಬೇಡಿ. 2010ರ ಫೆಬ್ರವರಿ 23ರಂದು ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್‌ನಲ್ಲಿ 9 ಜನ ಸತ್ತಿದ್ದು ನಮ್ಮ ಹಾಗೆ ಆಫೀಸಿಗೆ ಹೋಗೋರ ಕಟ್ಟಡದಲ್ಲೇ.

ಇದಕ್ಕೂ ಬುಕಿಂಗ್‌ಗೂ ಏನು ಸಂಬಂಧ ಅಂತೀರಾ? ಸಂಬಂಧ ಇದೆ. ಎರಡು ತಂಡಗಳ ನಡುವೆ ನಿಮ್ಮನ್ನ ಹೇಗೋ ತೂರಿಸಿದಾಗ ಸಮಯ ಉಳಿಸೋಕೆ ಮೊದಲು ಕತ್ತರಿ ಬೀಳೋದು ಆಟಕ್ಕೆ ಮುಂಚಿನ ಆ ಹತ್ತು ನಿಮಿಷದ ಮಾತಿಗೆ. "ಆಡಿದ್ದೀರಲ್ಲ, ಗೊತ್ತಲ್ಲ, ಹೋಗಿ ಹೋಗಿ" ಅಂತ ಬಾಗಿಲು ಹಾಕೋದು ಸುಲಭ. ಅಲ್ಲಿ ನಿಂತು ಕೇಳಿ: ಬಾಗಿಲು ನಿಜವಾಗಿ ಬೀಗ ಬೀಳುತ್ತಾ? ಒಳಗಿನಿಂದ ನಾನೇ ತೆಗೆಯೋಕೆ ಗುಂಡಿ ಎಲ್ಲಿದೆ? ಒಮ್ಮೆ ಒತ್ತಿ ತೋರಿಸ್ತೀರಾ? ಕರೆಂಟ್ ಹೋದರೆ ಏನಾಗುತ್ತೆ? ಹೊರಗೆ ಪೂರ್ತಿ ಒಂದು ಗಂಟೆ ಯಾರು ಕೂತಿರ್ತಾರೆ?

ಕರೆಂಟಿನ ಪ್ರಶ್ನೆ ಯಾಕೆ ಮುಖ್ಯ ಅಂದ್ರೆ, ಇಂಥ ಬಾಗಿಲುಗಳಿಗೆ ಅಯಸ್ಕಾಂತದ ಬೀಗ ಹಾಕೋದುಂಟು. ವಿದ್ಯುತ್ ಇರೋವರೆಗೆ ಅದು ಹಿಡಿದಿರುತ್ತೆ, ಹೋದ ಕೂಡಲೇ ಬಿಡುತ್ತೆ. ಆದರೆ ಅದಕ್ಕೆ ಬ್ಯಾಟರಿ ಬ್ಯಾಕಪ್ ಕೊಟ್ಟಿದ್ದರೆ ಕತ್ತಲಲ್ಲೂ ಹಿಡಿದೇ ಇರುತ್ತೆ. ಹಾಗಾಗಿ ಬೀಗಕ್ಕೆ ಹೋಗೋ ವಿದ್ಯುತ್ತನ್ನೇ ಕಡಿಯೋ ಗುಂಡಿ ಒಳಗಿರಬೇಕು. ಸರ್ವರ್ ರೂಮಿನ ಬಾಗಿಲಿಗೆ ನಾವು ಕೇಳೋ ಪ್ರಶ್ನೆಯನ್ನೇ ಇಲ್ಲೂ ಕೇಳೋದು, ಅಷ್ಟೇ. ಒಳ್ಳೆ ಜಾಗದವರು ಖುಷಿಯಿಂದ ತೋರಿಸ್ತಾರೆ. ಮುಖ ಸಿಂಡರಿಸಿದರೆ ದುಡ್ಡು ಕಟ್ಟಬೇಡಿ, ವಾಪಸ್ ಬನ್ನಿ.

ಜೊತೆಗೆ, ನಿಮ್ಮಲ್ಲಿ ಯಾರಿಗಾದರೂ ಅಸ್ತಮಾ, ಮೂರ್ಛೆ, ಮುಚ್ಚಿದ ಜಾಗದ ಭಯ ಇದ್ದರೆ ಹೊಗೆ, ಮಿನುಗೋ ದೀಪ ಇರೋ ಕೋಣೆಯಾ ಅಂತ ಮೊದಲೇ ಕೇಳಿ. ಸಿಕ್ಕಿದ್ದೇ ಕೋಣೆ ಅಂತ ನುಗ್ಗೋವಾಗ ಮರೆತುಹೋಗೋದು ಇದೇ.

ಕೊನೆಗೆ ಆನ್-ಕಾಲ್ ಇರೋರಿಗೆ. ಹಲವು ಕಡೆ ಮೊಬೈಲನ್ನ ಲಾಕರಿನಲ್ಲಿ ಇಡಿಸಿಕೊಳ್ತಾರೆ. ಪೇಜರ್ ನಿಮ್ಮ ಹೆಸರಲ್ಲೇ ಇದ್ದರೆ ಆ ಒಂದು ಗಂಟೆಗೆ ಸಹೋದ್ಯೋಗಿಗೆ ಒಪ್ಪಿಸಿ, ಅವರು "ಸರಿ" ಅಂದ ಮೇಲೆ ಒಳಗೆ ಹೋಗಿ. ಬದಲಿಗೆ ಮುಂದಿನ ವಾರ ಅವರ ಒಂದು ಗಂಟೆ ನೀವು ನೋಡಿಕೊಳ್ಳಿ. ಒಳಗೆ ಕೂತು ಲಾಕರಿನ ಕಡೆ ಕಿವಿ ಇಟ್ಟವರಿಗೆ ಯಾವ ಸುಳಿವೂ ಕಾಣಲ್ಲ.

ಬುಕಿಂಗ್ ಇಲ್ಲದೆ ಹೋಗೋದು ತಪ್ಪೇನಲ್ಲ, ಯಾರದೋ ಖಾಲಿ ಗಂಟೆಯನ್ನ ಕೇಳಿ ಪಡೆಯೋದು ಅಷ್ಟೇ. ಕಥೆ ಯಾವುದಾದರೂ ಸರಿ, ಕೋಣೆ ಯಾವುದಾದರೂ ಸರಿ, ಹೊತ್ತು ಅವರು ಹೇಳಿದ್ದೇ ಆಗಲಿ. ಹೊರಬರೋ ಬಾಗಿಲಿನ ವಿಷಯದಲ್ಲಿ ಮಾತ್ರ ಹೊಂದಾಣಿಕೆ ಬೇಡ. ಮುಂದಿನ ಮಾತಿನಲ್ಲಿ ಸಿಗೋಣ, ನಮಸ್ಕಾರ.