ಕತ್ತೆಕಿರುಬ ಮತ್ತು ನಾಯಿ: ಸಂತಾನೋತ್ಪತ್ತಿ ಹಾಗೂ ನಡವಳಿಕೆ

ನೋಟಕ್ಕೆ ನಾಯಿಯನ್ನು ಹೋಲುವುದರಿಂದ ಕತ್ತೆಕಿರುಬವನ್ನು ನಾಯಿಯ ಕುಟುಂಬಕ್ಕೆ ಸೇರಿದ ಪ್ರಾಣಿಯೆಂದು ಭಾವಿಸುವುದು ಸಹಜ. ವಾಸ್ತವದಲ್ಲಿ ಅದು ಬೆಕ್ಕು, ಮುಂಗುಸಿ, ಪುನುಗುಬೆಕ್ಕುಗಳ ವಂಶಶಾಖೆಗೆ ಸೇರಿದ್ದಾಗಿರುತ್ತದೆ. ನಾಯಿಯ ಜೀವಕೋಶದಲ್ಲಿ 78 ವರ್ಣತಂತುಗಳಿದ್ದರೆ ಕತ್ತೆಕಿರುಬದಲ್ಲಿ 40 ಮಾತ್ರ ಇರುತ್ತವೆ. ಆದುದರಿಂದ ಇವೆರಡರ ಸಂಕರದಿಂದ ಮರಿ ಜನಿಸುವ ಪ್ರಶ್ನೆಯೇ ಉದ್ಭವಿಸುವುದಿಲ್ಲ.

ಭಾರತದಲ್ಲಿರುವುದು ಪಟ್ಟೆ ಕತ್ತೆಕಿರುಬ ಒಂದೇ. ರಾಜ್ಯದಲ್ಲಿ ದರೋಜಿ ಕರಡಿಧಾಮ ಸೇರಿದಂತೆ ಬಯಲುಸೀಮೆಯ ಕಲ್ಲುಗುಡ್ಡ, ಕುರುಚಲು ಕಾಡುಗಳಲ್ಲಿ ಇದು ಕಂಡುಬರುತ್ತದೆ. ಗರ್ಭಾವಧಿ ಸುಮಾರು 90 ದಿನಗಳು. ಒಂದು ಸೂಲಿಗೆ ಒಂದರಿಂದ ನಾಲ್ಕು ಮರಿಗಳು ಜನಿಸುತ್ತವೆ. ಕಣ್ಣು ಮುಚ್ಚಿಕೊಂಡೇ ಹುಟ್ಟುವ ಮರಿಗಳು ಒಂದು ತಿಂಗಳಿನ ಸುಮಾರಿಗೆ ಮಾಂಸದ ರುಚಿ ನೋಡಲಾರಂಭಿಸಿದರೂ ಹಲವು ತಿಂಗಳು ತಾಯಿಯ ಹಾಲನ್ನು ಅವಲಂಬಿಸಿರುತ್ತವೆ. ತಾಯಿ ರಾತ್ರಿ ಸತ್ತ ಪ್ರಾಣಿಗಳನ್ನರಸಿ ದೂರ ಹೋಗುವುದರಿಂದ ಗವಿಯಲ್ಲಿ ಮರಿಗಳು ಮಾತ್ರ ಇರುವುದು ಸಾಮಾನ್ಯ ಸಂಗತಿ. ಇಂತಹ ಮರಿಗಳನ್ನು ಅನಾಥವೆಂದು ಭಾವಿಸಿ ಊರಿಗೆ ತರುವುದು ಉಪಕಾರವಾಗದೆ ಅಪಕಾರವಾಗುತ್ತದೆ.

ಕತ್ತೆಕಿರುಬದಲ್ಲಿ ಗಂಡು-ಹೆಣ್ಣೆಂಬ ಭೇದವಿಲ್ಲ, ಒಂದೇ ಪ್ರಾಣಿ ಎರಡೂ ಆಗಿರುತ್ತದೆ ಎಂಬ ಕಥೆ ಬಹು ಪುರಾತನವಾದುದು. ಕ್ರಿಸ್ತಪೂರ್ವ ನಾಲ್ಕನೆಯ ಶತಮಾನದಲ್ಲಿಯೇ ಗ್ರೀಸಿನ ಅರಿಸ್ಟಾಟಲ್ ಇದನ್ನು ಅಲ್ಲಗಳೆದು, ಬಾಲದ ಕೆಳಗಿರುವ ಸೀಳಿನಂತಹ ಚೀಲವೇ ಈ ಭ್ರಮೆಗೆ ಕಾರಣವೆಂದು ವಿವರಿಸಿದ್ದನು. ಈ ಕಥೆಗೆ ಸ್ವಲ್ಪ ಆಧಾರ ಒದಗಿಸುವುದು ಆಫ್ರಿಕಾದ ಚುಕ್ಕೆ ಕತ್ತೆಕಿರುಬ. ಅದರ ಹೆಣ್ಣಿನ ಜನನಾಂಗವು ಗಂಡಿನದರಂತೆಯೇ ನೀಳವಾಗಿ ಬೆಳೆದಿದ್ದು, ಪ್ರತ್ಯೇಕ ಯೋನಿದ್ವಾರವಿರುವುದಿಲ್ಲ. ಮೂತ್ರವಿಸರ್ಜನೆ, ಸಮಾಗಮ, ಪ್ರಸವ ಎಲ್ಲವೂ ಆ ಕಿರಿದಾದ ಮಾರ್ಗದ ಮೂಲಕವೇ ನಡೆಯಬೇಕು. ಚೊಚ್ಚಲ ಸೂಲಿನಲ್ಲಿ ಆ ಅಂಗ ಹರಿಯುತ್ತದೆ, ಅನೇಕ ಮರಿಗಳು ಉಸಿರುಗಟ್ಟಿ ಸಾಯುತ್ತವೆ. ಇದಕ್ಕೆ ಪ್ರತಿಯಾಗಿ ಹೆಣ್ಣಿಗೆ ದೊರೆತಿರುವ ಅನುಕೂಲವೆಂದರೆ, ಅದರ ಸಮ್ಮತಿಯಿಲ್ಲದೆ ಗಂಡು ಕೂಡಲಾರದು. ಗುಂಪಿನ ಅಧಿಕಾರವೂ ಹೆಣ್ಣಿನದೇ, ಮರಿಗೆ ಸ್ಥಾನಮಾನ ಬರುವುದು ತಾಯಿಯಿಂದಲೇ. 110 ದಿನಗಳ ಗರ್ಭಾವಧಿಯ ನಂತರ ಮರಿಗಳು ಕಣ್ಣು ತೆರೆದು, ಹಲ್ಲು ಸಮೇತ ಹುಟ್ಟುತ್ತವೆ ಹಾಗೂ ಕೂಡಲೇ ಪರಸ್ಪರ ಕಾದಾಟಕ್ಕಿಳಿಯುತ್ತವೆ. ನಮ್ಮ ಪಟ್ಟೆ ಕತ್ತೆಕಿರುಬದ ವಯಸ್ಕ ಹೆಣ್ಣಿನಲ್ಲಿ ಇಂತಹ ಅಂಗರಚನೆ ಇರುವುದಿಲ್ಲ.

ನಾಯಿಯ ಕ್ರಮ ಬೇರೆ. ಹೆಣ್ಣುನಾಯಿ ಸಾಮಾನ್ಯವಾಗಿ ವರ್ಷಕ್ಕೆ ಎರಡು ಬಾರಿ ಬೆದೆಗೆ ಬರುತ್ತದೆ. ಬೀದಿನಾಯಿಗಳಲ್ಲಿ ಮಳೆಗಾಲದ ಕೊನೆಯಿಂದ ಕಾರ್ತಿಕದವರೆಗೆ ಇದು ಹೆಚ್ಚು. ಗರ್ಭಾವಧಿ ಸುಮಾರು 63 ದಿನಗಳು. ಸಮಾಗಮದ ವೇಳೆ ಗಂಡಿನ ಜನನಾಂಗದ ಬುಡಭಾಗ ಉಬ್ಬಿಕೊಳ್ಳುವುದರಿಂದ ಎರಡೂ ನಾಯಿಗಳು ಕೆಲಕಾಲ, ಕೆಲವೊಮ್ಮೆ ಅರ್ಧ ಗಂಟೆಯವರೆಗೂ, ಬೇರ್ಪಡಲಾರವು. ಆ ಸಮಯದಲ್ಲಿ ಕಲ್ಲೆಸೆಯುವುದು, ಕೋಲಿನಿಂದ ಹೊಡೆದು ಬಿಡಿಸಲೆತ್ನಿಸುವುದು ಅವುಗಳಿಗೆ ಗಾಯವನ್ನುಂಟುಮಾಡುತ್ತದೆ. ಅದನ್ನು ನೋಡಿ ನಗುವವರೂ ಉಂಟು, ಖೇದಕರ. ಕಾಡಿನ ಸೀಳುನಾಯಿಗಳಲ್ಲಾದರೆ ಬಹುಪಾಲು ಗುಂಪಿಗೊಂದೇ ಹೆಣ್ಣು ಮರಿ ಹಾಕುತ್ತದೆ, ಉಳಿದವು ಬೇಟೆಯ ಮಾಂಸವನ್ನು ನುಂಗಿ ತಂದು ಕಕ್ಕಿ ಮರಿಗಳಿಗೆ ಉಣಿಸುತ್ತವೆ.

ಬೀದಿನಾಯಿಯ ಒಂದು ಸೂಲು ನಷ್ಟವಾದರೆ ಆರೇಳು ತಿಂಗಳಲ್ಲಿ ಭರ್ತಿಯಾಗಬಹುದು. ಸಂಖ್ಯೆಯಲ್ಲಿ ವಿರಳವಾದ ಕತ್ತೆಕಿರುಬದ ಲೆಕ್ಕ ಹಾಗಿಲ್ಲ. ಗವಿಯ ಬಾಯಿಗೆ ಕಲ್ಲು ತುಂಬುವುದು, ಹೊಗೆ ಹಾಕುವುದು, ಗುಡ್ಡವನ್ನೇ ಕಲ್ಲುಗಣಿಗೆ ಒಡೆಯುವುದು ಇವುಗಳಿಂದ ಒಂದು ಪ್ರದೇಶದ ಸಂತತಿಯೇ ಅಳಿಯುವ ಸಂಭವವಿರುತ್ತದೆ. ಇದರೊಂದಿಗೆ ನಾಯಿಗಳಿಂದ ಹುಚ್ಚುರೋಗ ಹಾಗೂ ಡಿಸ್ಟೆಂಪರ್ ಕಾಡುಪ್ರಾಣಿಗಳಿಗೆ ಹರಡಬಲ್ಲವು. ಕಾಡಂಚಿನ ಗ್ರಾಮಸ್ಥರು ಸಾಕುನಾಯಿಗಳಿಗೆ ಲಸಿಕೆ ಹಾಕಿಸುವುದು ಈ ಕಾರಣಕ್ಕೂ ಅವಶ್ಯಕ. ಬೀದಿನಾಯಿಗಳ ಸಂತಾನಹರಣ ಶಸ್ತ್ರಚಿಕಿತ್ಸೆಯು 2023ರ ಪ್ರಾಣಿ ಜನನ ನಿಯಂತ್ರಣ ನಿಯಮಗಳನ್ವಯ ಸ್ಥಳೀಯ ಸಂಸ್ಥೆಗಳ ಹೊಣೆಯಾಗಿರುತ್ತದೆ.

ಕತ್ತೆಕಿರುಬಕ್ಕೆ ವನ್ಯಜೀವಿ (ಸಂರಕ್ಷಣಾ) ಕಾಯ್ದೆ 1972ರ ರಕ್ಷಣೆ ಇದ್ದು, ಅದನ್ನು ಕೊಲ್ಲುವುದಾಗಲೀ ಹಿಡಿದಿಡುವುದಾಗಲೀ ಅಪರಾಧ. ಗವಿ ಅಥವಾ ಮರಿಗಳು ಕಂಡುಬಂದಲ್ಲಿ ಮುಟ್ಟದೆ ಹಿಂದೆ ಸರಿದು, ಸಂಬಂಧಪಟ್ಟ ವಲಯ ಅರಣ್ಯಾಧಿಕಾರಿಯವರ ಕಚೇರಿಗೆ ಮಾಹಿತಿ ನೀಡತಕ್ಕದ್ದು.